ನಗರದ ಸರ್ಕಾರಿ ಶಾಲೆಯೂ ಫಲಿತಾಂಶದ ತಕ್ಕಡಿಯೂ

ಪ್ರತಿವರ್ಷವೂ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮರುದಿನ ನಾಡಿನ ಪತ್ರಿಕೆಗಳಲ್ಲಿ ಒಂದು ಪಟ್ಟಿ ಅಚ್ಚಾಗುತ್ತದೆ. ಯಾವ ಜಿಲ್ಲೆ ಮೊದಲು, ಯಾವ ಜಿಲ್ಲೆ ಕಡೆ; ಸರ್ಕಾರಿ ಶಾಲೆಗಳೆಷ್ಟು, ಅನುದಾನಿತ ಶಾಲೆಗಳೆಷ್ಟು, ಖಾಸಗಿ ಶಾಲೆಗಳೆಷ್ಟು ಎಂಬ ಲೆಕ್ಕವೆಲ್ಲವೂ ಅಲ್ಲಿರುತ್ತದೆ. ಹತ್ತು ವರ್ಷಗಳ ಬೋಧನೆ, ಸಾವಿರಾರು ಗಂಟೆಗಳ ಪಾಠಪ್ರವಚನ, ಉಪಾಧ್ಯಾಯರ ಬೆವರು, ತಂದೆತಾಯಿಗಳ ಕನಸು ಇವೆಲ್ಲವೂ ಅಂದು ಶೇಕಡಾವಾರಿನ ಒಂದೇ ಒಂದು ಅಂಕಿಯೊಳಗೆ ಅಡಗಿಬಿಡುತ್ತವೆ. ನೂರಕ್ಕೆ ನೂರು ಪಡೆದ ಶಾಲೆಯ ಹೆಬ್ಬಾಗಿಲಿಗೆ ಹೂವಿನ ತೋರಣ ಏರುತ್ತದೆ. ನಲವತ್ತಕ್ಕೆ ಇಳಿದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಕಾರಣ ಕೇಳುವ ನೋಟೀಸು ಬರುತ್ತದೆ. ಈ ಎರಡನೆಯ ಬಗೆಯ ಶಾಲೆಗಳಲ್ಲಿ ದೊಡ್ಡ ನಗರಗಳ ಸರ್ಕಾರಿ ಶಾಲೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಅವನ್ನು ನೋಡಿ ಮರುಗುವವರುಂಟು, ಹೀಗಳೆಯುವವರುಂಟು. ಆ ಅಂಕಿ ಯಾವುದನ್ನು ಅಳೆಯುತ್ತದೆ ಎಂದು ಕೇಳುವವರು ಮಾತ್ರ ವಿರಳ.

'ಫಲಿತಾಂಶ' ಎಂಬ ಶಬ್ದವನ್ನೇ ಬಿಡಿಸಿ ನೋಡಬಹುದು. ಫಲಿತ, ಅಂಶ ಎಂಬೆರಡು ಪದಗಳು ಸವರ್ಣದೀರ್ಘಸಂಧಿಯಿಂದ ಕೂಡಿ ಆದ ಮಾತು ಇದು. ಫಲಿಸಿದ ಭಾಗ ಎಂದಷ್ಟೇ ಇದರ ಅರ್ಥ. ಫಲಕ್ಕೆ ಬೀಜ ಯಾವುದು, ನೆಲ ಯಾವುದು, ನೀರೆರೆದವರು ಯಾರು, ಕಾಯಿಯಾಗುವ ಮೊದಲೇ ಉದುರಿದ ಹೂವುಗಳೆಷ್ಟು ಎಂಬುದನ್ನು ಆ ಶಬ್ದ ಹೇಳುವುದಿಲ್ಲ. ಹಾಗೆಯೇ 'ಅಂಕ' ಎಂಬ ಶಬ್ದಕ್ಕೆ ಗುರುತು, ಸಂಖ್ಯೆ ಎಂಬ ಅರ್ಥಗಳಿರುವಂತೆ ತೊಡೆ, ಮಡಿಲು ಎಂಬ ಅರ್ಥವೂ ಉಂಟು. ಹತ್ತನೆಯ ತರಗತಿಯ ಅಂಕಗಳಲ್ಲಿ ಎಷ್ಟು ಪಾಲು ಶಾಲೆಯದು, ಎಷ್ಟು ಪಾಲು ಮಗು ಕುಳಿತು ಬೆಳೆದ ಮಡಿಲಿನದು ಎಂಬುದೇ ಇಂದು ವಿಚಾರಿಸಬೇಕಾದ ಪ್ರಶ್ನೆ.

ಮೊದಲಿಗೆ ಅಂಕಿಗಳ ಸ್ವಭಾವವನ್ನೇ ಪರಿಶೀಲಿಸುವುದು ಒಳ್ಳೆಯದು. 2023ರಲ್ಲಿ ಕರ್ನಾಟಕದ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ 83.89 ಇತ್ತು. 2024ರಲ್ಲಿ ಅದು 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ, ಪುನರಾವರ್ತಿತ ಅಭ್ಯರ್ಥಿಗಳನ್ನೂ ಸೇರಿಸಿ, 62.34ಕ್ಕೆ ಬಂದಿತು. ಎರಡೇ ವರ್ಷಗಳಲ್ಲಿ ಇಪ್ಪತ್ತೊಂದು ಅಂಶಗಳ ಕುಸಿತ! ನಾಡಿನ ಮಕ್ಕಳು ಎರಡು ವರ್ಷಗಳಲ್ಲಿ ಇಷ್ಟು ಮಂದಮತಿಗಳಾದರೆಂದು ಯಾರೂ ನಂಬಲಾರರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾಗಳು ಬಂದುವು. ಕೊಠಡಿಯೊಳಗಿನ ನಡವಳಿಕೆ ದೂರದ ಕಚೇರಿಗಳಲ್ಲಿ ಕಾಣುವಂತಾಯಿತು. ಫಲಿತಾಂಶ ತೀರ ಕುಸಿಯುವುದೆಂದು ಕಂಡಾಗ ಆ ವರ್ಷಕ್ಕೆ ಕೃಪಾಂಕದ ಪ್ರಮಾಣವನ್ನು ಶೇಕಡಾ 10ರಿಂದ 20ಕ್ಕೆ ಏರಿಸಲಾಯಿತು. ಮರುವರ್ಷ ಆ ವಿಶೇಷ ಕೃಪೆ ಇರಲಿಲ್ಲ. 2025ರ ಅಕ್ಟೋಬರಿನಲ್ಲಿ ಉತ್ತೀರ್ಣತೆಯ ಕನಿಷ್ಠ ಮಟ್ಟವನ್ನೇ ಶೇಕಡಾ 33ಕ್ಕೆ ಇಳಿಸುವ ತೀರ್ಮಾನ ಪ್ರಕಟವಾಯಿತು. ಅಂದಮೇಲೆ ಅಳತೆಗೋಲು ಉದ್ದವಾದರೆ ಮಕ್ಕಳು ಕುಳ್ಳರಾಗಿಯೂ, ಗಿಡ್ಡವಾದರೆ ಎತ್ತರದವರಾಗಿಯೂ ಕಾಣುವರು. ವರ್ಷಕ್ಕೊಮ್ಮೆ ಬದಲಾಗುವ ಕೋಲಿನಿಂದ ಶಾಲೆಯ ಯೋಗ್ಯತೆಯನ್ನು ಅಳೆದು ತೀರ್ಪು ಕೊಡುವುದು ನ್ಯಾಯವೆನಿಸದು.

ಇನ್ನು ಆ ಪಟ್ಟಿಯೊಳಗಿನ ಅಂತರಗಳು. 2025ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91.12 ಪಡೆದು ಅಗ್ರಸ್ಥಾನದಲ್ಲಿತ್ತು, ಕಲಬುರಗಿ 42.43 ಪಡೆದು ಕೊನೆಯಲ್ಲಿತ್ತು. ಅನುದಾನರಹಿತ ಶಾಲೆಗಳಲ್ಲಿ ನೂರಕ್ಕೆ ಸುಮಾರು 76 ಮಂದಿ, ಸರ್ಕಾರಿ ಶಾಲೆಗಳಲ್ಲಿ ಸುಮಾರು 63 ಮಂದಿ, ಅನುದಾನಿತ ಶಾಲೆಗಳಲ್ಲಿ ಸುಮಾರು 59 ಮಂದಿ ತೇರ್ಗಡೆಯಾದರು. ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಸುಮಾರು 16 ಅಂಶ ಮುಂದಿದ್ದರು. ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನೆಪತ್ರಿಕೆ, ಒಂದೇ ಮಂಡಲಿ. ಆದರೂ ಫಲ ಮಾತ್ರ ಬೇರೆ ಬೇರೆ. ಒಂದೇ ತರಗತಿಯಲ್ಲಿ, ಒಬ್ಬರೇ ಉಪಾಧ್ಯಾಯರ ಮುಂದೆ ಕುಳಿತ ಹುಡುಗ ಹುಡುಗಿಯರ ನಡುವೆಯೇ ಇಷ್ಟು ಅಂತರವಿರುವಾಗ ಎಲ್ಲ ಹೊಣೆಯನ್ನೂ ಶಾಲೆಯ ತಲೆಗೆ ಕಟ್ಟುವುದು ಹೇಗೆ? ಕಲಿಯುವವರು ಯಾರು, ಎಲ್ಲಿಂದ ಬಂದರು, ಶಾಲೆಯ ಗಂಟೆ ಬಾರಿಸಿದ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ತಿಳಿಯದೆ ಈ ಅಂಕಿಗಳನ್ನು ಓದಲಾಗದು.

ನಗರದ ಸರ್ಕಾರಿ ಶಾಲೆಯ ಚರಿತ್ರೆಯನ್ನು ಹಿಂದಿರುಗಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಶಾಸನ ಬಂದಿತು. ಅಂದಿನಿಂದ ಬಹುಕಾಲ ಪೇಟೆಯ ಸರ್ಕಾರಿ ಶಾಲೆಯೆಂದರೆ ಎಲ್ಲರ ಶಾಲೆಯಾಗುವ ದಾರಿಯಲ್ಲಿತ್ತು. ಅಮಲ್ದಾರರ ಮಗನೂ ಜವಾನನ ಮಗನೂ ಒಂದೇ ಹಲಗೆಯ ಮೇಲೆ ಕುಳಿತ ಕಾಲ ಅದು. ಆ ಶಾಲೆಗಳಲ್ಲಿಯೂ ದೋಷಗಳಿದ್ದುವು; ಎಲ್ಲ ಜಾತಿಯ ಮಕ್ಕಳಿಗೂ ಅಲ್ಲಿ ಸಮಾನವಾದ ಆದರ ದೊರೆಯಿತೆನ್ನಲಾಗದು. ಆದರೆ ಊರಿನ ಮಾತುಬಲ್ಲ ಜನರ ಮಕ್ಕಳು ಅಲ್ಲಿದ್ದುದರಿಂದ ಊರಿನ ಕಣ್ಣು ಶಾಲೆಯ ಮೇಲಿತ್ತು. ಉಪಾಧ್ಯಾಯರು ಬಾರದಿದ್ದರೆ ಕೇಳುವವರಿದ್ದರು; ಮಾಡು ಸೋರಿದರೆ ಅರ್ಜಿ ಬರೆಯುವವರಿದ್ದರು.

ಬಳಿಕ ಕಾನ್ವೆಂಟುಗಳು ಬಂದುವು. ಅವುಗಳ ಹಿಂದೆಯೇ ಬೀದಿಗೊಂದು ಇಂಗ್ಲಿಷ್ ಮಾಧ್ಯಮದ ಶಾಲೆ ಬಂದಿತು. ಮೊದಲು ಅಧಿಕಾರಿಗಳ ಮಕ್ಕಳು ಹೋದರು, ಆಮೇಲೆ ಗುಮಾಸ್ತರ ಮಕ್ಕಳು, ಅನಂತರ ಅಂಗಡಿಕಾರರ ಮಕ್ಕಳು, ಕಟ್ಟಕಡೆಗೆ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುವ ಉಪಾಧ್ಯಾಯರ ಮಕ್ಕಳೂ ಹೋದರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರವು ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತ ಮೇಲೆ ಈ ಹರಿವಿಗೆ ಇದ್ದ ಕಡೆಯ ತಡೆಯೂ ಇಲ್ಲವಾಯಿತು. 2019-20ರಲ್ಲಿ ಸರ್ಕಾರವೇ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಬೇಕಾಯಿತು. ಹೋಗಲು ಶಕ್ತಿಯುಳ್ಳವರೆಲ್ಲರೂ ಹೋದ ಮೇಲೆ ಉಳಿದವರ ಶಾಲೆ ಇಂದಿನ ನಗರದ ಸರ್ಕಾರಿ ಶಾಲೆ.

ಆ ಉಳಿದವರು ಯಾರು? ಬೆಂಗಳೂರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2011ರ ಜನಗಣತಿಯಂತೆ ಆ ನಗರದ ಜನಸಂಖ್ಯೆ ಸುಮಾರು 84 ಲಕ್ಷ. ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು ಅರ್ಧಕ್ಕಿಂತ ಕಡಿಮೆ. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಮಳೆಯಿಲ್ಲದ ವರ್ಷಗಳಲ್ಲಿ ಗುಳೆ ಬಂದು ಕಟ್ಟಡ ಕೆಲಸಕ್ಕೆ ಸೇರಿದವರು, ಗಡಿಯಾಚೆಯ ತೆಲುಗು, ತಮಿಳು ಸೀಮೆಯವರು, ಬಿಹಾರ, ಒಡಿಶಾ, ಅಸ್ಸಾಮುಗಳಿಂದ ಬಂದ ಕೂಲಿಗಳು, ನೇಪಾಳದಿಂದ ಬಂದ ಕಾವಲುಗಾರರು, ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣಾಳುಗಳು, ಮನೆಗೆಲಸದವರು, ಪೌರಕಾರ್ಮಿಕರು. ಇವರೆಲ್ಲರ ಮಕ್ಕಳು ಸೇರಿ ಆ ಶಾಲೆಯ ಹಾಜರಿಪುಸ್ತಕವಾಗಿದೆ. ಒಂದೇ ತರಗತಿಯಲ್ಲಿ ಮನೆಯಲ್ಲಿ ಉರ್ದು ಆಡುವ ಮಗು, ತೆಲುಗು ಆಡುವ ಮಗು, ಹಿಂದಿ ಆಡುವ ಮಗು, ಕಲಬುರಗಿಯ ಕನ್ನಡ ಆಡುವ ಮಗು ಕುಳಿತಿರುತ್ತವೆ. ಪಠ್ಯಪುಸ್ತಕದ ಕನ್ನಡ ಮೊದಲ ಮೂವರಿಗೆ ಪರಭಾಷೆ; ನಾಲ್ಕನೆಯ ಮಗುವಿಗೂ ಅದು ತನ್ನದೇ ಭಾಷೆಯ ಅಪರಿಚಿತ ರೂಪ.

ಇಂತಹ ಮಗುವಿನ ಶಾಲಾವರ್ಷ ಜೂನ್‌ನಲ್ಲಿ ಮೊದಲಾಗಿ ಏಪ್ರಿಲಿನಲ್ಲಿ ಮುಗಿಯುವುದಿಲ್ಲ. ಕಟ್ಟಡದ ಪಾಯ ತೋಡಿದಾಗ ಅದು ಮೊದಲಾಗುತ್ತದೆ, ಕಟ್ಟಡಕ್ಕೆ ಸುಣ್ಣಬಣ್ಣವಾದಾಗ ಮುಗಿಯುತ್ತದೆ. ತಗಡಿನ ಶೆಡ್ಡು ಕಳಚಿ ಮತ್ತೊಂದು ಬಡಾವಣೆಗೆ ಹೋಗುವಾಗ ವರ್ಗಾವಣೆ ಪತ್ರ ಪಡೆಯಲು ತಂದೆಗೆ ಬಿಡುವಿಲ್ಲ. ಮಗುವಿನ ಹೆಸರು ಹಳೆಯ ಶಾಲೆಯಲ್ಲಿ ಗೈರುಹಾಜರಾಗಿಯೇ ಉಳಿಯುತ್ತದೆ. ತಾಯಿ ಕೆಲಸಕ್ಕೆ ಹೋದ ಮೇಲೆ ಏಳನೆಯ ತರಗತಿಯ ಹುಡುಗಿ ತಮ್ಮನನ್ನು ನೋಡಿಕೊಳ್ಳಬೇಕು. ನೀರಿನ ಟ್ಯಾಂಕರು ಬಂದ ದಿನ ಆಕೆಗೆ ಶಾಲೆಯಿಲ್ಲ. ಪೋಷಕರ ಸಭೆಗೆ ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. 'ಈ ಪೋಷಕರಿಗೆ ಮಕ್ಕಳ ಓದಿನ ಮೇಲೆ ಆಸ್ಥೆಯಿಲ್ಲ' ಎಂದು ಹೇಳುವವರು ಈ ಲೆಕ್ಕವನ್ನು ತಿಳಿಯದವರು. ಆಸ್ಥೆಯಿಲ್ಲದವರು ಹೊಟ್ಟೆಗಿಲ್ಲದ ಊರನ್ನು ಬಿಟ್ಟು ಬಂದ ಮರುವಾರವೇ ಶಾಲೆ ಎಲ್ಲಿದೆಯೆಂದು ಕೇಳಿಕೊಂಡು ಬರುವುದಿಲ್ಲ.

ಮನೆಗೂ ಶಾಲೆಗೂ ಇರುವ ಈ ಸಂಬಂಧವನ್ನು ವಿದ್ವಾಂಸರು ಬಹಳ ಹಿಂದೆಯೇ ತೂಗಿ ನೋಡಿರುವರು. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಆದೇಶದಂತೆ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ಮತ್ತು ಅವರ ಸಂಗಡಿಗರು ಸುಮಾರು 4,000 ಶಾಲೆಗಳ ಆರು ಲಕ್ಷದಷ್ಟು ವಿದ್ಯಾರ್ಥಿಗಳನ್ನು ಪರೀಕ್ಷಿಸಿ 1966ರಲ್ಲಿ ವರದಿ ಕೊಟ್ಟರು. ಕರಿಯ ಮಕ್ಕಳ ಶಾಲೆಗಳಿಗೆ ಕಟ್ಟಡ, ಪುಸ್ತಕ, ಪ್ರಯೋಗಾಲಯಗಳ ಕೊರತೆಯಿರುವುದರಿಂದಲೇ ಅವರು ಹಿಂದುಳಿದಿರುವರೆಂದು ಸಿದ್ಧವಾಗುವುದೆಂದು ಬಹುಮಂದಿ ನಿರೀಕ್ಷಿಸಿದ್ದರು. ಆದರೆ ಮಕ್ಕಳ ಸಾಧನೆಗೆ ಹೆಚ್ಚು ನಿಕಟವಾದ ಸಂಬಂಧವಿದ್ದುದು ಮನೆಯ ಹಿನ್ನೆಲೆಗೂ, ಆ ಬಳಿಕ ಜೊತೆಯಲ್ಲಿ ಓದುವ ಸಹಪಾಠಿಗಳ ಹಿನ್ನೆಲೆಗೂ ಎಂದು ಕಂಡುಬಂದಿತು. ವರ್ಣಭೇದವಿಲ್ಲದೆ ಮಕ್ಕಳನ್ನು ಬೆರೆಸುವ ಪ್ರಯತ್ನಕ್ಕೆ ಈ ವರದಿ ಆಧಾರವಾಯಿತು. ಆದರೆ ಹಾಗೆ ಬೆರೆಸಹೊರಟಾಗ ದೊಡ್ಡ ನಗರಗಳ ಬಿಳಿಯ ಕುಟುಂಬಗಳು ಆ ಶಾಲೆಗಳನ್ನು ಬಿಟ್ಟು ಹೊರವಲಯಗಳಿಗೆ ಹೋಗುವುದು ಹೆಚ್ಚಿತೆಂದು 1975ರಲ್ಲಿ ಕೋಲ್‌ಮನ್ನರೇ ಹೇಳಬೇಕಾಯಿತು. ಅಲ್ಲಿ ವರ್ಣ ಮಾಡಿದ ಕೆಲಸವನ್ನು ಇಲ್ಲಿ ಶುಲ್ಕವೂ ಮಾಧ್ಯಮವೂ ಸದ್ದಿಲ್ಲದೆ ಮಾಡಿವೆ.

ಆದರೆ ಈ ಸಿದ್ಧಾಂತವನ್ನು ಉಪಾಧ್ಯಾಯರು ತಮ್ಮ ಆಸರೆಯಾಗಿ ಹಿಡಿಯಬಾರದು. 'ಮನೆಯೇ ಸರಿಯಿಲ್ಲದಾಗ ಶಾಲೆ ಏನು ಮಾಡೀತು?' ಎಂಬ ಮಾತು ಅನೇಕ ಅಧ್ಯಾಪಕರ ಕೊಠಡಿಗಳಲ್ಲಿ ಕೇಳಿಬರುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ಅಲ್ಲಿ ನೆನಪಾಗದಿರದು. 1983ರಲ್ಲಿ ಹೇನ್‌ಮನ್ ಮತ್ತು ಲಾಕ್ಸ್ಲಿ ಎಂಬ ಸಂಶೋಧಕರು 29 ದೇಶಗಳ ಅಂಕಿಅಂಶಗಳನ್ನು ಹೋಲಿಸಿ ಬೇರೊಂದು ತಥ್ಯವನ್ನು ಮುಂದಿಟ್ಟರು. ಶ್ರೀಮಂತ ದೇಶಗಳಲ್ಲಿ ಮನೆಯ ಪ್ರಭಾವ ಹೆಚ್ಚು. ಬಡ ದೇಶಗಳಲ್ಲಿ ಶಾಲೆಯ ಮತ್ತು ಉಪಾಧ್ಯಾಯರ ಪ್ರಭಾವವೇ ಹೆಚ್ಚು ಎಂಬುದು ಅವರ ನಿರ್ಣಯ. ಇದು ಯೋಚಿಸಿದರೆ ಸಹಜವಾದ ಮಾತು. ಮನೆಯಲ್ಲಿ ಪುಸ್ತಕಗಳಿರುವ ಮಗುವಿಗೆ ಒಬ್ಬ ಉಪಾಧ್ಯಾಯರು ತಪ್ಪಿದರೆ ತಂದೆಯಿದ್ದಾನೆ, ಟ್ಯೂಷನ್ ಇದೆ. ಮನೆಯಲ್ಲಿ ಒಂದು ಹಾಳೆಯೂ ಇಲ್ಲದ ಮಗುವಿಗೆ ಉಪಾಧ್ಯಾಯರು ತಪ್ಪಿದರೆ ಬೇರೆ ಯಾರೂ ಇಲ್ಲ. ಆದುದರಿಂದ ಬಡವರ ಶಾಲೆಯ ಉಪಾಧ್ಯಾಯರಿಗೆ ಲೋಕ ಕೊಡಬೇಕಾದ ವಿನಾಯಿತಿಯೂ ದೊಡ್ಡದು, ಅವರು ತಾವಾಗಿ ಹೊರಬೇಕಾದ ಹೊಣೆಯೂ ದೊಡ್ಡದು. ಇವೆರಡರಲ್ಲಿ ಒಂದನ್ನೇ ಹೇಳುವವರು ಅರ್ಧಸತ್ಯವನ್ನು ಹೇಳುವರು.

ಕೋಲ್‌ಮನ್ ವರದಿ ಬಂದ 1966ರಲ್ಲಿಯೇ ಭಾರತದಲ್ಲಿ ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗ ತನ್ನ ವರದಿಯನ್ನಿತ್ತು, ನೆರೆಹೊರೆಯ ಮಕ್ಕಳೆಲ್ಲರೂ ಒಂದೇ ಶಾಲೆಯಲ್ಲಿ ಕಲಿಯುವ ಸಮಾನ ಶಾಲಾ ಪದ್ಧತಿಯನ್ನು ಸೂಚಿಸಿತು. ದೇಶ ಆ ಮಾತನ್ನು ಗೌರವದಿಂದ ಕೇಳಿ ಗೌರವದಿಂದಲೇ ಬದಿಗಿಟ್ಟಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇಕಡಾ 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಕರ್ನಾಟಕದಲ್ಲಿ 2019ರಿಂದ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿರುವೆಡೆ ಖಾಸಗಿ ಅನುದಾನರಹಿತ ಶಾಲೆಗಳಿಗೆ ಆ ಹೊಣೆ ಬೇಡವೆಂದು ನಿಯಮ ತಿದ್ದಲಾಯಿತು. ರಾಜ್ಯದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆಗಳು ಬರಿದಾಗುತ್ತಿವೆ, ಖಾಸಗಿಯವರಿಗೆ ಸರ್ಕಾರದ ಹಣ ಹೋಗುತ್ತಿದೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ನಗರಗಳಲ್ಲಿ ಸರ್ಕಾರಿ ಶಾಲೆಯಿಲ್ಲದ ನೆರೆ ಎಲ್ಲಿದೆ? ಬಡ ಮಗುವೂ ಅನುಕೂಲವಂತರ ಮಗುವೂ ಒಂದೆಡೆ ಕೂರುವ ಒಂದು ಬಾಗಿಲು ಇದರಿಂದ ಬಹುಮಟ್ಟಿಗೆ ಮುಚ್ಚಿದಂತಾಯಿತು.

ಬೆರೆತು ಕೂತರೆ ಅನುಕೂಲವಂತರ ಮಕ್ಕಳು ಹಾಳಾಗುವರೆಂಬ ಭಯ ಅನೇಕರಿಗುಂಟು. ದೆಹಲಿಯ ಖಾಸಗಿ ಶಾಲೆಗಳಲ್ಲಿ ಬಡ ಸಹಪಾಠಿಗಳೊಡನೆ ಕಲಿತ ಶ್ರೀಮಂತ ಮಕ್ಕಳನ್ನು ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2019ರಲ್ಲಿ ಪ್ರಬಂಧ ಪ್ರಕಟಿಸಿದರು. ಆ ಮಕ್ಕಳಲ್ಲಿ ಔದಾರ್ಯ ಹೆಚ್ಚಿತ್ತು, ಬಡವರ ಬಗೆಗಿನ ತಾರತಮ್ಯ ಕಡಿಮೆಯಾಗಿತ್ತು. ಇಂಗ್ಲಿಷಿನಲ್ಲಿ ಅಲ್ಪವಾದ ಇಳಿಕೆಯನ್ನುಳಿದು ಓದಿಗೆ ಹೇಳಿಕೊಳ್ಳುವಂಥ ಹಾನಿಯಿರಲಿಲ್ಲ. ನಾಲ್ಕು ಅಂಕಗಳಿಗೆ ಬದಲಾಗಿ ನೆರೆಯವನನ್ನು ಮನುಷ್ಯನೆಂದು ಕಾಣುವ ಕಣ್ಣು ದೊರೆಯುವುದಾದರೆ ಅದು ನಷ್ಟದ ವ್ಯಾಪಾರವೆಂದು ವಿದ್ಯೆಯ ಬೆಲೆ ತಿಳಿದವರು ಹೇಳಲಾರರು.

ಈಗ ವಿಷಯದ ಮರ್ಮಕ್ಕೆ ಬರಬಹುದು. ನೂರಕ್ಕೆ ನೂರು ಎಂಬ ಕೀರ್ತಿ ಕೆಲವು ಕಡೆಗಳಲ್ಲಿ ಹೇಗೆ ಲಭಿಸುತ್ತದೆಂಬುದು ಶಿಕ್ಷಣಕ್ಷೇತ್ರದಲ್ಲಿರುವವರಿಗೆ ತಿಳಿಯದ ಸಂಗತಿಯಲ್ಲ. ಒಂಬತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಹಿಂದುಳಿದ ಮಕ್ಕಳ ತಂದೆತಾಯಿಗಳನ್ನು ಕರೆಸಲಾಗುತ್ತದೆ. 'ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟವಾದೀತು, ಬೇರೆ ಕಡೆ ಸೇರಿಸಿರಿ' ಎಂಬ ಹಿತವಚನದೊಡನೆ ವರ್ಗಾವಣೆ ಪತ್ರ ಕೈಸೇರುತ್ತದೆ. ಕೆಲವರು ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆ ಕಟ್ಟುವರು. ಕೆಲವರು ಓದನ್ನೇ ಬಿಡುವರು. ಉಳಿದವರು ಹತ್ತಿರದ ಸರ್ಕಾರಿ ಪ್ರೌಢಶಾಲೆಯ ಬಾಗಿಲಿಗೆ ಬರುವರು. ಬಂದವರನ್ನು ಹಿಂದಕ್ಕೆ ಕಳುಹಿಸದಿರುವುದು ಆ ಶಾಲೆಯ ಧರ್ಮ.

ಊಹೆಗಾಗಿ ಎರಡು ಶಾಲೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. ಮೊದಲನೆಯ ಶಾಲೆಯಲ್ಲಿ ಎಂಟನೆಯ ತರಗತಿಗೆ ಸೇರಿದವರು 60 ಮಂದಿ. ಅವರಲ್ಲಿ 15 ಮಂದಿಯನ್ನು ನಡುವೆ ಕಳುಹಿಸಿ, ಉಳಿದ 45 ಮಂದಿಯನ್ನು ಪರೀಕ್ಷೆಗೆ ಕೂರಿಸಿದರೆ, ಎಲ್ಲರೂ ತೇರ್ಗಡೆಯಾದರು. ಫಲಿತಾಂಶ ಶೇಕಡಾ 100. ಎರಡನೆಯದು ಸರ್ಕಾರಿ ಶಾಲೆ. ಅಲ್ಲಿ ಮೊದಲಿದ್ದವರು 40, ಹೀಗೆ ಬಂದು ಸೇರಿದವರು 15. ಒಟ್ಟು 55 ಮಂದಿ ಪರೀಕ್ಷೆಗೆ ಕುಳಿತು, ಹಳಬರಲ್ಲಿ 28, ಹೊಸಬರಲ್ಲಿ 5, ಒಟ್ಟು 33 ಮಂದಿ ತೇರ್ಗಡೆಯಾದರು. ಫಲಿತಾಂಶ ಶೇಕಡಾ 60. ಪತ್ರಿಕೆಯ ಪಟ್ಟಿಯಲ್ಲಿ ಇವುಗಳ ಅಂತರ 40. ಆದರೆ ತಾನು ಮೊದಲು ಕೈಹಿಡಿದ ಮಕ್ಕಳಲ್ಲಿ ಎಷ್ಟು ಮಂದಿಯನ್ನು ತಾನೇ ದಡ ಮುಟ್ಟಿಸಿತೆಂದು ಲೆಕ್ಕ ಹಾಕಿದರೆ ಮೊದಲನೆಯ ಶಾಲೆಯದು ಶೇಕಡಾ 75, ಎರಡನೆಯದು ಶೇಕಡಾ 70. ಅದರ ಮೇಲೆ, ಅನ್ಯರು ಕೈಬಿಟ್ಟ ಐವರನ್ನು ಸರ್ಕಾರಿ ಶಾಲೆ ದಡಕ್ಕೆ ತಂದಿದೆ. ಹೆಬ್ಬಾಗಿಲಿನ ತೋರಣ ಎಲ್ಲಿರಬೇಕಾಗಿತ್ತೆಂಬುದನ್ನು ಓದುಗರೇ ನಿರ್ಣಯಿಸಬಹುದು. ಒಂದು ಶಾಲೆಯ ನೂರು ಮತ್ತೊಂದು ಶಾಲೆಯ ಅರವತ್ತಕ್ಕೆ ಕಾರಣವಾಗಬಲ್ಲದೆಂಬುದು ಈ ಸರಳ ಗಣಿತದ ಪಾಠ.

ಧರ್ಮಸಂಸ್ಥೆಗಳು ನಡೆಸುವ ಅನುದಾನಿತ ಶಾಲೆಗಳಿಗೆ ಈ ಪಾಠ ವಿಶೇಷವಾಗಿ ಸಲ್ಲುತ್ತದೆ. ಕರ್ನಾಟಕದ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದ ಕಾಲದಲ್ಲಿ ಅಲ್ಲಿಗೆ ಬಂದವರು ಹಳ್ಳಿಗಳಲ್ಲಿ ಮೊದಲ ಬಾರಿಗೆ ಅಕ್ಷರದ ಮುಖ ಕಂಡ ಮನೆತನಗಳ ಮಕ್ಕಳು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಾವಿರಾರು ಮಕ್ಕಳು ಜಾತಿಮತಗಳ ಭೇದವಿಲ್ಲದೆ ಅನ್ನ, ಆಶ್ರಯ, ಅಕ್ಷರಗಳನ್ನು ಪಡೆದುದು ಲೋಕವಿದಿತ. ಅಂಥ ಪರಂಪರೆಯ ಶಾಲೆಗಳಿಗೆ ಆರಿಸಿ ತೆಗೆದ ಮಕ್ಕಳಿಂದ ಬರುವ ಕೀರ್ತಿ ಭೂಷಣವೆನಿಸದು. ಫಲಿತಾಂಶ ಕುಸಿದರೆ ಅನುದಾನಕ್ಕೆ ಧಕ್ಕೆಯಾದೀತು, ಮಕ್ಕಳು ಬೇರೆಡೆಗೆ ಹೋದಾರು ಎಂಬ ಆಡಳಿತ ಮಂಡಲಿಗಳ ಭಯ ಸುಳ್ಳಲ್ಲ. ಹಿಂದುಳಿದ ಮಗುವನ್ನು ಉಳಿಸಿಕೊಂಡ ಶಾಲೆಗೆ ದಂಡ, ಹೊರಹಾಕಿದ ಶಾಲೆಗೆ ಬಹುಮಾನ ಎಂಬಂತೆ ಈ ಪಟ್ಟಿಯ ವ್ಯವಸ್ಥೆಯೇ ಇರುವಾಗ ಆ ಭಯ ಸಹಜ. ಆದಕಾರಣ ತಿದ್ದಬೇಕಾದುದು ಪಟ್ಟಿಯನ್ನು.

ತಿದ್ದುವುದು ಕಷ್ಟವೂ ಅಲ್ಲ. ಪ್ರತಿ ಶಾಲೆಯೂ ತನ್ನ ವಾರ್ಷಿಕ ವರದಿಯಲ್ಲಿ ಒಂದರ ಬದಲು ನಾಲ್ಕು ಅಂಕಿಗಳನ್ನು ಕೊಡಲಿ. ಎಂಟನೆಯ ತರಗತಿಗೆ ಸೇರಿದವರೆಷ್ಟು, ಅವರಲ್ಲಿ ಹತ್ತನೆಯ ತರಗತಿಯವರೆಗೆ ಉಳಿದವರೆಷ್ಟು, ನಡುವೆ ಬಂದು ಸೇರಿದವರೆಷ್ಟು, ಇವರೆಲ್ಲರಲ್ಲಿ ತೇರ್ಗಡೆಯಾದವರೆಷ್ಟು. ಇದರೊಡನೆ, ಸೇರಿದ ದಿನ ಮಗು ಒಂದು ಪುಟವನ್ನು ಹೇಗೆ ಓದುತ್ತಿತ್ತು, ಮೂರು ವರ್ಷಗಳ ಬಳಿಕ ಹೇಗೆ ಓದುತ್ತದೆ ಎಂಬ ದಾಖಲೆಯಿದ್ದರೆ ಶಾಲೆ ಕೂಡಿಸಿದ್ದೇನೆಂಬುದು ಕಣ್ಣಿಗೆ ಕಟ್ಟುವಂತೆ ತಿಳಿಯುತ್ತದೆ. ತೊಂಬತ್ತು ಅಂಕದ ಮಗುವನ್ನು ತೊಂಬತ್ತೆರಡಕ್ಕೆ ಒಯ್ದ ಶಾಲೆಗಿಂತ, ಹದಿನೈದರ ಮಗುವನ್ನು ನಲವತ್ತಕ್ಕೆ ತಂದ ಶಾಲೆ ಹೆಚ್ಚು ಕಲಿಸಿದೆ. ಇಂದಿನ ಪಟ್ಟಿ ಮೊದಲನೆಯದಕ್ಕೆ ಮಾತ್ರ ಕೈಮುಗಿಯುತ್ತದೆ.

ನಗರದ ಸರ್ಕಾರಿ ಶಾಲೆ ಮಾಡುವ ಇನ್ನೊಂದು ಉಪಕಾರ ಯಾವ ಪಟ್ಟಿಯಲ್ಲಿಯೂ ಇಲ್ಲ. ಬಿಹಾರದ, ನೇಪಾಳದ, ಆಂಧ್ರದ ಕೂಲಿಕಾರನ ಮಗು ಕನ್ನಡವನ್ನು ಕಲಿಯುವುದು ಅಲ್ಲಿ. ಎಲ್ಲ ಶಾಲೆಗಳಲ್ಲಿಯೂ ಕನ್ನಡ ಕಲಿಸಬೇಕೆಂಬ ಶಾಸನ 2015ರಲ್ಲಿ ಬಂದರೂ ಅನೇಕ ಪ್ರತಿಷ್ಠಿತ ಶಾಲೆಗಳಲ್ಲಿ ಕನ್ನಡ ವಾರಕ್ಕೆ ಕೆಲವು ಗಂಟೆಗಳ ಅತಿಥಿ. ಸರ್ಕಾರಿ ಶಾಲೆಯಲ್ಲಿ ಅದು ಆಟದ ಭಾಷೆ, ಜಗಳದ ಭಾಷೆ, ಊಟದ ಸಾಲಿನ ಭಾಷೆ. ಆದುದರಿಂದ ಮಕ್ಕಳ ನಾಲಗೆಗೆ ಅದು ಬಹುಬೇಗ ಒಗ್ಗುತ್ತದೆ. ಆದರೆ ನಾಲಗೆಗೆ ಒಗ್ಗಿದುದೆಲ್ಲ ಬರಹಕ್ಕೆ ಬಾರದು. ಎಂಟನೆಯ ತರಗತಿಗೆ ಬಂದರೂ ಒತ್ತಕ್ಷರ ಓದಲಾರದ ಮಕ್ಕಳಿಗೆ ಹಳಗನ್ನಡದ ಪದ್ಯವನ್ನು ಬಾಯಿಪಾಠ ಮಾಡಿಸುವುದರಿಂದ ಭಾಷೆಗೂ ಲಾಭವಿಲ್ಲ, ಮಗುವಿಗೂ ಲಾಭವಿಲ್ಲ. ಕಾಗುಣಿತವನ್ನು ಪ್ರೌಢಶಾಲೆಯಲ್ಲಿ ಕಲಿಸುವುದು ತನ್ನ ಗೌರವಕ್ಕೆ ಕುಂದೆಂದು ಭಾಷಾಪಂಡಿತನು ಭಾವಿಸಬಾರದು. 1995ರಲ್ಲಿ ಹೆಗ್ಗಡದೇವನಕೋಟೆಯ ಹಳ್ಳಿಗಾಡಿನ ಶಾಲೆಗಳಲ್ಲಿ ಮೊದಲಾದ ನಲಿಕಲಿ ಪದ್ಧತಿ, ಪ್ರತಿ ಮಗುವೂ ತಾನು ನಿಂತ ಮೆಟ್ಟಿಲಿನಿಂದ ಮುಂದಕ್ಕೆ ಹತ್ತಬೇಕೆಂಬ ತತ್ತ್ವವನ್ನು ನಾಡಿಗೆ ತೋರಿಸಿತು. ಆ ತತ್ತ್ವ ಕೆಳತರಗತಿಗಳಿಗಷ್ಟೇ ಸಲ್ಲತಕ್ಕದ್ದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಮನೆಯ ಕೊರತೆಯನ್ನು ಶಾಲೆ ತುಂಬಬಲ್ಲದೆಂಬುದಕ್ಕೆ ಅನುಭವದ ಪ್ರಮಾಣವೂ ಇದೆ. ಬೇಯಿಸಿದ ಮಧ್ಯಾಹ್ನದ ಊಟವನ್ನು ಶಾಲೆಯಲ್ಲಿಯೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರಿನಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಮೊದಲಾಯಿತು. 2013ರಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಸೇರಿತು. ಹಸಿದ ಮಗು ಕಲಿಯಲಾರದೆಂಬ ಸತ್ಯವನ್ನು ರಾಜ್ಯ ಒಪ್ಪಿಕೊಂಡಿತು. ಓದುವ ಸ್ಥಳವಿಲ್ಲದ ಮಗುವೂ ಕಲಿಯಲಾರದು, ಕರಿಹಲಗೆ ಕಾಣದ ಮಗುವೂ ಕಲಿಯಲಾರದು ಎಂಬ ಸತ್ಯಗಳನ್ನು ಒಪ್ಪಿಕೊಳ್ಳುವುದು ಇನ್ನು ಉಳಿದಿದೆ.

ಇಲ್ಲಿಯೇ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಕೆಲಸವಿದೆ. ಸಾಮಾನ್ಯವಾಗಿ ದಾನವು ಹೆಬ್ಬಾಗಿಲಾಗಿ, ಸಭಾಮಂಟಪವಾಗಿ, ಹೆಸರು ಕೆತ್ತಿದ ಕಲ್ಲಾಗಿ ನಿಲ್ಲುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ನೆರಳು ಎಲ್ಲರಿಗೂ ಬೇಕು. ಆದರೆ ಸಂಜೆ ಎರಡು ಗಂಟೆಗಳ ಕಾಲ ದೀಪ ಹಚ್ಚಿದ ಒಂದು ಕೊಠಡಿ, ಅಲ್ಲಿ ಕುಳಿತು ಓದಿಸುವ ಒಬ್ಬ ಯುವಕ, ಕೆಳತರಗತಿಗಳಿಗೆ ಒಬ್ಬ ಹೆಚ್ಚಿನ ಭಾಷಾ ಶಿಕ್ಷಕಿ, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ, ಬೇಕಾದವರಿಗೆ ಕನ್ನಡಕ, ದೂರದಿಂದ ಬರುವವರಿಗೆ ಬಸ್ಸಿನ ಪಾಸು, ಇವಕ್ಕೆ ತಗಲುವ ವೆಚ್ಚ ಒಂದು ಹೆಬ್ಬಾಗಿಲಿನದಕ್ಕಿಂತ ಕಡಿಮೆ. ಅವುಗಳ ಮೇಲೆ ಹೆಸರು ಕೆತ್ತಲಾಗದೆಂಬುದೊಂದೇ ಕೊರತೆ. ಹಳೆಯ ವಿದ್ಯಾರ್ಥಿಗಳಾದರೋ ಹಣಕ್ಕಿಂತ ಹೆಚ್ಚಿನದನ್ನು ಕೊಡಬಲ್ಲರು. ಸರ್ಕಾರಿ ನೌಕರರ ಮತ್ತು ಜನಪ್ರತಿನಿಧಿಗಳ ಮಕ್ಕಳು ಸರ್ಕಾರಿ ಶಾಲೆಯಲ್ಲಿಯೇ ಓದುವಂತಾಗಬೇಕೆಂದು 2015ರ ಆಗಸ್ಟಿನಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯ ಹೇಳಿದಾಗ ದೇಶವೆಲ್ಲ ಒಂದು ವಾರ ಚರ್ಚಿಸಿ ಸುಮ್ಮನಾಯಿತು. ಆ ಮಾತಿನ ತಿರುಳು ಕಡ್ಡಾಯದಲ್ಲಿರಲಿಲ್ಲ. ಕೇಳುವ ಬಾಯುಳ್ಳವರು ಶಾಲೆಯ ಬಳಿ ಇರಬೇಕೆಂಬುದರಲ್ಲಿತ್ತು. ತಮ್ಮ ಮಕ್ಕಳನ್ನು ಕಳುಹಿಸಲಾಗದವರು ತಮ್ಮ ದನಿಯನ್ನಾದರೂ ಕಳುಹಿಸಬಹುದು. ಬಡಾವಣೆಯ ಸರ್ಕಾರಿ ಶಾಲೆಯ ಉಸ್ತುವಾರಿ ಸಮಿತಿಯ ಸಭೆಗೆ ಹೋಗಿ, ಖಾಲಿಯಿರುವ ಗಣಿತದ ಉಪಾಧ್ಯಾಯರ ಹುದ್ದೆಯ ಬಗ್ಗೆ ಇಲಾಖೆಗೆ ಒಂದು ಪತ್ರ ಬರೆಯಿಸಿದರೂ ಅದು ದಾನವೇ.

ಇವೆಲ್ಲವೂ ನಡೆದರೂ ನಗರದ ಸರ್ಕಾರಿ ಶಾಲೆ ಒಂದೆರಡು ವರ್ಷಗಳಲ್ಲಿ ಪಟ್ಟಿಯ ತುದಿಗೇರುವುದೆಂದು ಯಾರೂ ಭಾವಿಸಬೇಕಾಗಿಲ್ಲ. ಕಟ್ಟಡ ಮುಗಿದೊಡನೆ ಮಕ್ಕಳು ಹೋಗುತ್ತಲೇ ಇರುವರು, ಹೊಸಬರು ಬರುತ್ತಲೇ ಇರುವರು. ಕಲಬುರಗಿಯಿಂದ ಬಂದು ಬೆಂಗಳೂರಿನಲ್ಲಿ ಎರಡು ವರ್ಷ ಓದಿ ಮತ್ತೆ ಊರಿಗೆ ಮರಳುವ ಮಗುವಿನ ಅಂಕಗಳು ಯಾವ ಜಿಲ್ಲೆಯ ಖಾತೆಗೆ ಸೇರಿದರೂ, ಆ ಮಗುವಿನ ಬದುಕು ಒಂದೇ. ಆ ಎರಡು ವರ್ಷಗಳಲ್ಲಿ ಅದು ಓದುವುದನ್ನು ಕಲಿತಿತೇ, ತನ್ನ ಹೆಸರು ಹಿಡಿದು ಕರೆದ ಒಬ್ಬ ಉಪಾಧ್ಯಾಯರನ್ನು ಪಡೆಯಿತೇ ಎಂಬುದು ಮುಖ್ಯ. ಶಾಲೆಗಳನ್ನು ತೂಗುವವರು ತಕ್ಕಡಿಯ ಒಂದು ತಟ್ಟೆಯಲ್ಲಿ ತೇರ್ಗಡೆಯಾದವರನ್ನು ಇಡುವಾಗ, ಇನ್ನೊಂದು ತಟ್ಟೆಯಲ್ಲಿ ಆ ಶಾಲೆ ಹಿಂದಕ್ಕೆ ಕಳುಹಿಸದೆ ಸೇರಿಸಿಕೊಂಡವರನ್ನೂ ಇಡತಕ್ಕದ್ದು. ಅಲ್ಲಿಯವರೆಗೆ ಪತ್ರಿಕೆಯ ಪಟ್ಟಿ ಮಕ್ಕಳ ಮನೆಗಳ ಪಟ್ಟಿಯಾಗಿಯೇ ಉಳಿಯುವುದು, ಶಾಲೆಗಳ ಪಟ್ಟಿಯಾಗಲಾರದು.